ಕೂಡಲೊಲ್ಲದ ಮೂಳೆ

ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ ಬೆರಳಾಡಿಸಿ ನೋಡಿ. ಚರ್ಮ ಮುಟ್ಟಿದರೆ ಮೂಳೆಯನ್ನೇ ಮುಟ್ಟಿದಂತೆ, ನಡುವೆ ಮಾಂಸವಿಲ್ಲ. ಮಾಂಸದ ಹೊದಿಕೆ ತೆಳುವಾದಲ್ಲಿ ರಕ್ತದ ಪೂರೈಕೆಯೂ ಕಡಿಮೆ. ಬೈಕಿನಿಂದ ಬಿದ್ದು ಈ ಮೂಳೆ ಪಾದದ ಹತ್ತಿರ ಮುರಿದವರಿಗೆ ಗಾಯ ಮಾಗಿದರೂ ಒಳಗಿನ ಮುರಿತ ಹಾಗೇ ಉಳಿಯುವುದುಂಟು. ಒಂಬತ್ತು ತಿಂಗಳು ಕಳೆದು, ಕೊನೆಯ ಮೂರು ತಿಂಗಳ ಎಕ್ಸ್-ರೇಗಳಲ್ಲಿ ಬದಲಾವಣೆಯೇ ಕಾಣದಿದ್ದರೆ ಅದು ತಾನಾಗಿ ಕೂಡದು ಎಂದು ವೈದ್ಯರು ಸಾಮಾನ್ಯವಾಗಿ ತೀರ್ಮಾನಿಸುತ್ತಾರೆ.

ಸೋವಿಯತ್ ಎತ್ತರ ಜಿಗಿತಗಾರ ವ್ಯಾಲೆರಿ ಬ್ರುಮೆಲ್‌ಗೆ ಆದದ್ದು ಇದೇ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಚಿನ್ನ, ಮರುವರ್ಷ ಮೋಟಾರ್‌ಸೈಕಲ್ ಅಪಘಾತ. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ನಡೆದರೂ ಕಾಲು ಸರಿಹೋಗಲಿಲ್ಲ. ಕೊನೆಗೆ ಸೈಬೀರಿಯಾದ ಕುರ್ಗಾನ್‌ನಲ್ಲಿದ್ದ ಡಾಕ್ಟರ್ ಗವ್ರಿಲ್ ಇಲಿಜರೋವ್ ಬಳಿ ಹೋದ, ಮತ್ತೆ ಜಿಗಿದ.

ಇಲಿಜರೋವ್ ಮಾಡಿದ್ದು ನೋಡಲು ಕಮ್ಮಾರಿಕೆಯಂತಿದೆ. ಮೂಳೆಯಲ್ಲಿ ತೆಳುವಾದ ತಂತಿಗಳನ್ನು ಅಡ್ಡ ತೂರಿಸಿ, ಬಿಗಿಯಾಗಿ ಎಳೆದು, ಕಾಲಿನ ಸುತ್ತ ಇರುವ ಉಕ್ಕಿನ ಉಂಗುರಗಳಿಗೆ ಕಟ್ಟಿದ. ಮುರಿದ ತುದಿಗಳು ಅಕ್ಕಪಕ್ಕ ಅಲುಗವು, ಆದರೆ ರೋಗಿ ಕಾಲೂರಿದಾಗ ಮೇಲಿಂದ ಕೆಳಕ್ಕೆ ಕೂದಲೆಳೆಯಷ್ಟು ಒತ್ತಡ ಬೀಳುತ್ತದೆ. ಮೂಳೆಯ ಜೀವಕೋಶಗಳಿಗೆ ಬೇಕಾದದ್ದು ಅದೇ. ನಟ್ಟು ತಿರುಗಿಸಿ ದಿನಕ್ಕೆ 1 ಮಿಲಿಮೀಟರಿನಂತೆ, ಅದನ್ನೂ ನಾಲ್ಕು ಕಂತುಗಳಲ್ಲಿ, ಮೂಳೆಯ ತುಂಡುಗಳನ್ನು ದೂರ ಸರಿಸುತ್ತ ಹೋದರೆ ನಡುವಿನ ಜಾಗದಲ್ಲಿ ಹೊಸ ಮೂಳೆಯೇ ಬೆಳೆಯುತ್ತದೆ! ಉಂಗುರ ತೊಟ್ಟ ಕಾಲುಗಳು ನಮ್ಮ ಆಸ್ಪತ್ರೆಗಳ ಮೂಳೆ ವಾರ್ಡುಗಳಲ್ಲೂ ಕಾಣಸಿಗುತ್ತವೆ. ತಂತಿ ತೂರಿದ ಜಾಗ ಕೀವಾಗುವ ಕಾಟ ಮಾತ್ರ ತಪ್ಪಿದ್ದಲ್ಲ.

ಬ್ರುಮೆಲ್ ಬಿದ್ದ 1965ರಲ್ಲೇ ಅಮೆರಿಕದ ಮಾರ್ಷಲ್ ಯೂರಿಸ್ಟ್ ಇನ್ನೊಂದು ದಾರಿ ತೋರಿಸಿದ್ದ. ಸುಣ್ಣದಂಶ ತೆಗೆದ ಮೂಳೆಯ ಚೂರನ್ನು ಪ್ರಾಣಿಯ ಮಾಂಸಖಂಡದಲ್ಲಿ ಹೂತಿಟ್ಟರೆ ಅಲ್ಲೇ ಮೂಳೆ ಹುಟ್ಟಿತು. ಹಾಗೆ ಹುಟ್ಟಿಸುವ ಪ್ರೋಟೀನುಗಳನ್ನು ಈಗ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ, ಬೆಲೆ ವಿಪರೀತ. ಹಾಗಾಗಿ ರೋಗಿಯ ಸೊಂಟದ ಮೂಳೆಯನ್ನೇ ಕೆರೆದು ಮುರಿತಕ್ಕೆ ತುಂಬುವ ಹಳೆಯ ಉಪಾಯಕ್ಕೆ ಇಂದಿಗೂ ಮರ್ಯಾದೆಯಿದೆ.

ಮೂಳೆ ಕೂಡಲೆಂದು ಮನೆಯಲ್ಲೇ ದಿನಕ್ಕೆ 20 ನಿಮಿಷ ಮುರಿತದ ಮೇಲೆ ಹಿಡಿದುಕೊಳ್ಳುವ ಅಲ್ಟ್ರಾಸೌಂಡ್ ಯಂತ್ರದ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಕಾಲು ಹೊಸದಾಗಿ ಮುರಿದು ರಾಡು ಹಾಕಿಸಿಕೊಂಡ 501 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಿಜವಾದ ಯಂತ್ರ ಹಿಡಿದವರಿಗೂ ಡಮ್ಮಿ ಹಿಡಿದವರಿಗೂ ವ್ಯತ್ಯಾಸ ಕಾಣಲಿಲ್ಲ.

ಅಂಥ ಯಂತ್ರಕ್ಕೆ ದುಡ್ಡು ಹೊಂದಿಸುವ ಮೊದಲು ಬೀಡಿ, ಸಿಗರೇಟು ಬಿಡಿ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆ ಮೂಳೆಗೆ ರಕ್ತ ಮೊದಲೇ ಕಡಿಮೆ.