ನಿಮಗಿದು ಗೊತ್ತೆ? ಥೈರಾಯ್ಡ್ ಕ್ಯಾನ್ಸರ್ ಗುಣವಾದ ಮೇಲೂ ಗುಳಿಗೆ ಏಕೆ?
ಪ್ಯಾಪಿಲ್ಲರಿ ಥೈರಾಯ್ಡ್ ಕ್ಯಾನ್ಸರ್‌ಗಾಗಿ ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರು ಜೀವನಪೂರ್ತಿ ಲೆವೊಥೈರಾಕ್ಸಿನ್ ನುಂಗಬೇಕು. ಹಾರ್ಮೋನಿನ ಕೊರತೆ ತುಂಬುವುದಷ್ಟೇ ಅದರ ಕೆಲಸವಲ್ಲ. ಪಿಟ್ಯುಟರಿ ಗ್ರಂಥಿಯಿಂದ ಬರುವ ಟಿಎಸ್‌ಎಚ್, ಅಳಿದುಳಿದ ಕ್ಯಾನ್ಸರ್ ಕಣಗಳಿಗೂ ಬೆಳೆಯಲು ಕುಮ್ಮಕ್ಕು ಕೊಡಬಲ್ಲದು. ಆದ್ದರಿಂದ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚಿರುವವರಲ್ಲಿ ವೈದ್ಯರು ಈ ಗುಳಿಗೆಯ ಮೂಲಕ ಟಿಎಸ್‌ಎಚ್ ಮಟ್ಟವನ್ನು ಬೇಕೆಂದೇ 0.1 mIU/L ಗಿಂತ ಕೆಳಗಿಡುವುದುಂಟು. ಲ್ಯಾಬ್ ರಿಪೋರ್ಟಿನಲ್ಲಿ ಟಿಎಸ್‌ಎಚ್ ಪಕ್ಕ ‘ಕಡಿಮೆ’ ಎಂದು ಕಂಡ ಕೂಡಲೇ ಗಾಬರಿಯಾಗಿ ಗುಳಿಗೆ ಅರ್ಧ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಅಪಾಯ ಕಡಿಮೆ ಇರುವವರಿಗೆ ಇಷ್ಟು ತಗ್ಗಿಸುವುದು ಬೇಕಿಲ್ಲ. ವರ್ಷಗಟ್ಟಲೆ ಹಾಗಿಟ್ಟರೆ ಎದೆಬಡಿತದ ಲಯ ತಪ್ಪಬಹುದು, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯಬಹುದು. ಡೋಸ್ ಬದಲಾದರೆ 6ರಿಂದ 8 ವಾರ ಬಿಟ್ಟು ರಕ್ತಪರೀಕ್ಷೆ.

ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನನ್ನು ತಯಾರಿಸುವುದು ಥೈರಾಯ್ಡ್ ಕಣಗಳು ಮಾತ್ರ. ಗ್ರಂಥಿಯೇ ಇಲ್ಲದವರ ರಕ್ತದಲ್ಲಿ ಅದು ಏರುತ್ತಿದ್ದರೆ ಕಾಯಿಲೆ ಮರಳಿರುವ ಸುಳಿವಿರಬಹುದು. ಜೊತೆಗೆ ಕುತ್ತಿಗೆಯ ಅಲ್ಟ್ರಾಸೌಂಡ್ ಕೂಡ ಆಗಬೇಕು.

ಗುಳಿಗೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಕಾಯಲಿ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ.