ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಒಂದು ಶನಿವಾರ

ಬೆಳಗಿನ ಶಾಲೆ ಮುಗಿಸಿ ಯೂನಿಫಾರಂ ಕೂಡ ಬದಲಿಸದ ಹುಡುಗಿ. ಎಂಟು ವರ್ಷ ಇರಬಹುದು. ಹಿರಿಯೂರು ಬಸ್‌ಸ್ಟ್ಯಾಂಡಿನ ಕಂಬಕ್ಕೊರಗಿ ಅಮ್ಮನ ಜೊತೆ ನಿಂತಿದ್ದಳು. ಚಿತ್ರದುರ್ಗದ ಬಸ್ಸಿನಿಂದ ಅಪ್ಪ ಇಳಿದರು. ಅಮ್ಮ ಅವರತ್ತ ತಿರುಗದೆ ಮಗಳಿಗೆ ಹೇಳಿದರು: "ಕೆಮ್ಮಿನ ಔಷಧಿ ಬ್ಯಾಗಿನ ಮುಂದಿನ ಜೇಬಲ್ಲೈತೆ, ಊಟ ಆದ್ಮೇಲೆ ಕುಡಿಸ್ಬೇಕಂತೆ ಅಂತ ಅಪ್ಪಂಗೆ ಹೇಳು." ಅಪ್ಪನ ಉತ್ತರವೂ ಮಗಳಿಗೇ: "ನಾಳೆ ಐದು ಗಂಟೆಗೆ ತಂದು ಬಿಡ್ತೀನಿ ಅನ್ನು." ಇಬ್ಬರ ನಡುವೆ ಇದ್ದದ್ದು ಎರಡು ಮಾರು ದೂರ. ಆ ದೂರ ದಾಟಿಸುವ ಕೆಲಸ ಮಗುವಿನದು.

ದುರ್ಗದ ಸೀಮೆಗೆ ಗಂಡ ಹೆಂಡಿರ ಬಿಡುಗಡೆ ಹೊಸದಲ್ಲ. ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅದಕ್ಕೆ ಬಹಳ ಮೊದಲೇ ಇಲ್ಲಿನ ಅನೇಕ ಸಮುದಾಯಗಳಲ್ಲಿ ಕುಲದ ಹಿರಿಯರ ಮುಂದೆ ಸಂಬಂಧ ಹರಿದುಕೊಳ್ಳಬಹುದಿತ್ತು, ಹೆಣ್ಣು ಕೂಡಿಕೆಯಾಗಿ ಇನ್ನೊಂದು ಮನೆ ಸೇರಬಹುದಿತ್ತು. ಮ್ಯಾಸನಾಯಕರಲ್ಲಿ, ಕಾಡುಗೊಲ್ಲರಲ್ಲಿ ಇಂಥ ವ್ಯಾಜ್ಯಗಳಿಗೆ ಕಟ್ಟೆಮನೆ ಎಂಬ ಕುಲದ ನ್ಯಾಯಸ್ಥಾನವಿತ್ತು. ಆದರೆ ಗಂಡು ಹೆಣ್ಣಿನ ಲೆಕ್ಕ ಚುಕ್ತಾ ಆದಷ್ಟು ಸಲೀಸಾಗಿ ಮಕ್ಕಳದು ಆಗುತ್ತಿರಲಿಲ್ಲ. ಸಾಮಾನ್ಯವಾಗಿ ಮಕ್ಕಳು ತಂದೆಯ ಕುಲಕ್ಕೆ. ಹಾಲು ಕುಡಿಯುವ ಕೂಸಾದರೆ ಬಿಡಿಸುವವರೆಗೆ ತಾಯಿಯ ಮಡಿಲಿಗೆ. ಕೂಸನ್ನು ಕೇಳುವವರು ಯಾರೂ ಇರಲಿಲ್ಲ.

ಬರೆದ ಕಾನೂನು ಬಂದಾಗಲೂ ಅದೇ ವಾಡಿಕೆಯ ನೆರಳು ಅದರ ಮೇಲೆ ಬಿತ್ತು. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ ಸಹಜ ಪೋಷಕ ತಂದೆ, "ಅವನ ನಂತರ" ತಾಯಿ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಮುಸ್ಲಿಮರ ಹನಫಿ ಪದ್ಧತಿಯಲ್ಲಿ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಆರೈಕೆಯಲ್ಲಿ. ಹಿಂದೂ ಕಾಯ್ದೆಯ ಆ "ನಂತರ" ಎಂಬ ಒಂದು ಪದವನ್ನು ಬಿಡಿಸಲು 43 ವರ್ಷ ಬೇಕಾಯಿತು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನ ಬಾಂಡಿಗೆ ತಾಯಿಯಾಗಿ ಸಹಿ ಹಾಕಿದ್ದನ್ನು ರಿಸರ್ವ್ ಬ್ಯಾಂಕ್ ಒಪ್ಪಲಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟ್, ನಂತರ ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ತಂದೆಯ ಗೈರಿನಲ್ಲಿ ಎಂದೂ ಆಗುತ್ತದೆ ಎಂದಿತು. ಮಗುವಿನ ಹಿತವೇ ಮೇಲು ಎಂಬ ಮಾತು 1956ರ ಕಾಯ್ದೆಯ 13ನೇ ಕಲಮಿನಲ್ಲಿ ಮೊದಲಿನಿಂದಲೂ ಇತ್ತು. ಆದರೂ ವರ್ಷಗಟ್ಟಲೆ ನಡೆದದ್ದು ಒಬ್ಬರಿಗೆ ಮಗು, ಇನ್ನೊಬ್ಬರಿಗೆ ಭೇಟಿ ಎಂಬ ತೀರ್ಪೇ.

ಇಬ್ಬರ ಬಳಿಯೂ ಬೆಳೆಯಲಿ ಎಂದು ಗಟ್ಟಿಯಾಗಿ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟ್. 2013ರಲ್ಲಿ ದ್ವಿಸದಸ್ಯ ಪೀಠ ಒಂದು ಮಗುವನ್ನು ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ ಇರಿಸಿತು. ಖರ್ಚು ಸಮಪಾಲು, ಶನಿವಾರ ಭಾನುವಾರ ಇನ್ನೊಬ್ಬರ ಭೇಟಿ, ಫೋನು, ವಿಡಿಯೊ ಮಾತು. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಗೆ ಶಿಫಾರಸು ಮಾಡುವಾಗ ಈ ತೀರ್ಪನ್ನು ಉಲ್ಲೇಖಿಸಿತು.

ನನಗೆ ಈ ತೀರ್ಪಿನ ಮೇಲೆ ಗೌರವವಿದೆ. ಆದರೆ ಅದನ್ನು ನಮ್ಮ ತಾಲ್ಲೂಕುಗಳಿಗೆ ಹಾಗೇ ಹೊದಿಸಲಾಗದು. ಅಪ್ಪ ಅಮ್ಮ ಒಂದೇ ಊರಲ್ಲಿದ್ದರೆ ಆರು ತಿಂಗಳ ಪಾಲು ನಡೆದೀತು. ಅಪ್ಪ ಹಿರಿಯೂರು, ಅಮ್ಮ ತವರಾದ ಹೊಸದುರ್ಗ ಎಂದರೆ? ನಮ್ಮ ಶಾಲೆಗಳು ತೆರೆಯುವುದು ಜೂನ್ ಹೊತ್ತಿಗೆ. ಹೊಸ ಟೀಚರ್ ಹೆಸರು ಬಾಯಿಗೆ ಬರುವಷ್ಟರಲ್ಲಿ ಜುಲೈ ಒಂದಕ್ಕೆ ಮಗು ಗಂಟು ಕಟ್ಟಬೇಕು. ಹಾಗಾಗಿ ಇಲ್ಲಿ ಒಗ್ಗುವುದು ಶಾಲೆ ಒಂದೇ ಕಡೆ, ವಾರದ ಕೊನೆ ಮತ್ತು ದಸರಾ, ಬೇಸಿಗೆ ರಜೆ ಹಂಚಿಕೆ. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಡಿ ಅರ್ಜಿ ಹಾಕುವುದೂ ಮಗು ಸಾಮಾನ್ಯವಾಗಿ ವಾಸವಿರುವ ಕಡೆಯೇ. ವಕೀಲರ ಫೀಸಿಗೆ ಹೆದರಿ ಕೂರುವ ತಾಯಂದಿರಿಗೆ ಒಂದು ಮಾತು: ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕು ಎನ್ನುತ್ತದೆ ಕಾನೂನು ಸೇವೆಗಳ ಕಾಯ್ದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ.

ಇಂಥ ಹಂಚಿಕೆ ಸೋಲುವುದು ಸಾಮಾನ್ಯವಾಗಿ ರಾಜಿ ಪತ್ರದಲ್ಲಿ. ಜೀವನಾಂಶಕ್ಕೆ, ಒಡವೆಗೆ, ಸೈಟಿಗೆ ಪುಟಗಟ್ಟಲೆ ಬರೆದು ಮಗುವಿನ ಬಗ್ಗೆ ಒಂದೇ ಸಾಲು: ತಂದೆ ಆಗಾಗ ಮಗುವನ್ನು ನೋಡಬಹುದು. ಆ "ಆಗಾಗ" ಆಮೇಲೆ "ಮಗೂನ ತೋರಿಸ್ತಿಲ್ಲ" ಎಂಬ ದೂರಾಗಿ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ಯಾವ ಬಸ್ಸು, ಎಷ್ಟು ಗಂಟೆ, ಯಾರು ಕರೆತರುವುದು, ಜ್ವರ ಬಂದರೆ ಏನು ಎಂದು ಬರೆಯಬೇಕು. ಯುಗಾದಿ ಯಾರ ಮನೆಯಲ್ಲಿ, ಹಿರಿಯೂರಿನ ತೇರುಮಲ್ಲೇಶ್ವರನ ತೇರಿಗೆ ಯಾರ ಜೊತೆ, ಹೊಳಲ್ಕೆರೆಯ ಅಜ್ಜಿ ಯಾವಾಗ ನೋಡಬಹುದು ಎಂದೂ ಬರೆಯಬೇಕು. ಪಠ್ಯಪುಸ್ತಕ ಎರಡು ಸೆಟ್ ಇದ್ದರೆ ಬ್ಯಾಗಿನ ಭಾರ ಅರ್ಧ ಇಳಿಯುತ್ತದೆ. ಮಗು ದೂರವಿದ್ದಾಗಲೂ ದಿನವೂ ಫೋನಿನಲ್ಲಿ ಮಾತಾಡುವ ಅವಕಾಶ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದಕ್ಕೂ ಒಂದು ಹೊತ್ತು ಗೊತ್ತುಮಾಡಬೇಕು.

ಇನ್ನೂ ಒಂದು ಸಾಲು ಪ್ರತಿ ರಾಜಿ ಪತ್ರದಲ್ಲೂ ಇರಬೇಕೆಂದು ಆ ಶನಿವಾರದಿಂದ ನನಗನ್ನಿಸಿದೆ: ಔಷಧಿ, ಫೀಸು, ಬಸ್ಸಿನ ಹೊತ್ತು, ಏನೇ ಇದ್ದರೂ ಅಪ್ಪ ಅಮ್ಮ ಒಬ್ಬರಿಗೊಬ್ಬರು ನೇರ ತಿಳಿಸತಕ್ಕದ್ದು, ಮಗುವಿನ ಬಾಯಲ್ಲಿ ಹೇಳಿಸತಕ್ಕದ್ದಲ್ಲ.