ಮತ್ಸ್ಯಕನ್ಯೆಯ ಕಥೆಯೂ ಅದರ ಚಿತ್ರಪಟವೂ

ಮಕ್ಕಳ ಕಥೆಗಳನ್ನು ಕ್ಷುಲ್ಲಕವೆಂದೆಣಿಸಿ ಪತ್ರಿಕೆಯ ಈ ಪುಟದಲ್ಲಿ ಅವಕ್ಕೆ ಎಡೆಗೊಡದಿರುವುದು ಪ್ರೌಢರ ವಾಡಿಕೆ. ಆದರೆ ತ್ಯಾಗವೆಂದರೇನೆಂಬುದನ್ನು ಮನುಷ್ಯನು ಮೊಟ್ಟಮೊದಲು ಕೇಳುವುದು ಶಾಸ್ತ್ರಗ್ರಂಥಗಳಿಂದಲ್ಲ, ಅಜ್ಜಿಯ ಬಾಯಿಂದ. ಆದಕಾರಣ 2023ನೆಯ ಇಸವಿಯಲ್ಲಿ ಅಮೆರಿಕದ ಡಿಸ್ನಿ ಸಂಸ್ಥೆಯವರು ನಟನಟಿಯರಿಂದ ಆಡಿಸಿ ಹೊರತಂದ ‘ದಿ ಲಿಟ್ಲ್ ಮರ್ಮೇಡ್’ ಚಿತ್ರಪಟವನ್ನು ಕುರಿತು ನಾಲ್ಕು ಮಾತು ಹೇಳುವುದು ಅಪ್ರಸ್ತುತವಾಗಲಾರದೆಂದು ನಾವು ಭಾವಿಸುತ್ತೇವೆ.

ಡೆನ್ಮಾರ್ಕ್ ದೇಶದ ಓಡೆನ್ಸ್ ಪಟ್ಟಣದಲ್ಲಿ ಜೋಡು ಹೊಲಿಯುವ ಬಡವನೊಬ್ಬನ ಮಗನಾಗಿ 1805ರಲ್ಲಿ ಜನಿಸಿದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನು ಈ ಕಥೆಯನ್ನು 1837ರಲ್ಲಿ ಪ್ರಕಟಿಸಿದನು. ಅವನ ಕಡಲಿನ ಜನರಿಗೆ 300 ವರ್ಷಗಳ ಆಯುಸ್ಸುಂಟು, ಅಮರವಾದ ಆತ್ಮವಿಲ್ಲ. ಸತ್ತಮೇಲೆ ಅವರು ನೀರಿನ ನೊರೆ. ಹಡಗೊಡೆದು ಮುಳುಗುತ್ತಿದ್ದ ರಾಜಕುಮಾರನನ್ನು ಉಳಿಸಿದ ಮತ್ಸ್ಯಕನ್ಯೆಯು ಅವನನ್ನೂ ಆತ್ಮವನ್ನೂ ಬಯಸಿ ಮಾಟಗಾತಿಯ ಬಳಿಗೆ ಹೋಗುತ್ತಾಳೆ. ಕಾಲುಗಳಿಗೆ ಬೆಲೆ ಅವಳ ನಾಲಗೆ. ಇಟ್ಟ ಒಂದೊಂದು ಹೆಜ್ಜೆಯೂ ಕತ್ತಿಯ ಅಲಗಿನ ಮೇಲಿಟ್ಟಂತೆ. ಇಷ್ಟಾದರೂ ರಾಜಕುಮಾರನು ಬೇರೊಬ್ಬಳನ್ನು ವರಿಸುತ್ತಾನೆ. ಅಕ್ಕಂದಿರು ತಮ್ಮ ಕೂದಲನ್ನು ಕೊಟ್ಟು ತಂದ ಚೂರಿಯಿಂದ ಅವನನ್ನು ಕೊಂದರೆ ಅವಳಿಗೆ ಜೀವವುಳಿಯುತ್ತದೆ. ಅವಳು ಮಲಗಿದ್ದ ದಂಪತಿಗಳನ್ನು ನೋಡಿ, ಚೂರಿಯನ್ನು ಕಡಲಿಗೆಸೆದು, ತಾನೂ ಧುಮುಕುತ್ತಾಳೆ. ಬಳಿಕ ವಾಯುಕನ್ಯೆಯರಲ್ಲಿ ಒಬ್ಬಳಾಗಿ, ಸ್ವಂತ ಸತ್ಕರ್ಮದಿಂದಲೇ ಆತ್ಮವನ್ನು ಗಳಿಸುವ ದಾರಿ ಅವಳಿಗೆ ತೆರೆಯುತ್ತದೆ.

ಡಿಸ್ನಿಯವರು 1989ರಲ್ಲಿ ಬರೆಯಿಸಿದ ಗೆರೆಚಿತ್ರದಲ್ಲಿಯೇ ಈ ಅಂತ್ಯವನ್ನು ಕಿತ್ತುಹಾಕಿ ಮದುವೆಯ ಓಲಗವನ್ನೂದಿಸಿದರು. ರಾಬ್ ಮಾರ್ಷಲ್ಲರ ಹೊಸ ಚಿತ್ರವು 83 ನಿಮಿಷಗಳ ಆ ಕಥೆಯನ್ನು 135 ನಿಮಿಷಗಳಿಗೆ ಎಳೆದಿದೆಯೇ ಹೊರತು ಆಂಡರ್ಸನ್ನನ ಕಡೆಗೆ ಮರಳಿಲ್ಲ. ಮತ್ಸ್ಯಕನ್ಯೆಗೆ ಕಣ್ಣೀರಿಲ್ಲದ್ದರಿಂದ ಅವಳ ದುಃಖವು ಹೆಚ್ಚೆಂಬ ಅರ್ಥದ ಅವನ ಮಾತನ್ನು ಮೊದಲಲ್ಲಿ ತೆರೆಯ ಮೇಲೆ ತೋರಿಸಿ, ಆಮೇಲೆ ಆ ದುಃಖವನ್ನೇ ಹೊರಗಟ್ಟಿರುವುದು ವಿಚಿತ್ರವಲ್ಲವೆ? ಮೂಲದಲ್ಲಿ ಕಂಠವು ತೆತ್ತ ಬೆಲೆ. ಇಲ್ಲಿ ಅದು ಒತ್ತೆಯಿಟ್ಟ ಒಡವೆ. ಮಾಟಗಾತಿಯ ಕೊರಳಿನ ಚಿಪ್ಪು ಒಡೆದೊಡನೆ ದನಿ ಹಿಂದಿರುಗುತ್ತದೆ. ಕೊನೆಯಲ್ಲಿ ತಂದೆಯ ಕೃಪೆಯಿಂದ ಕಾಲುಗಳೂ ದೊರೆಯುತ್ತವೆ. ಕಳೆದುಕೊಂಡದ್ದು ಏನೂ ಇಲ್ಲವಾದಮೇಲೆ ತ್ಯಾಗವೆಂಬ ಮಾತಿಗೆ ಅರ್ಥವೆಲ್ಲಿ?

ಗುಣವನ್ನು ಮುಚ್ಚಿಡುವುದು ನಮ್ಮ ಉದ್ದೇಶವಲ್ಲ. ನಾಯಕಿ ಹ್ಯಾಲಿ ಬೈಲಿಯವರ ಗಾನವು ಮನೋಹರವಾಗಿದೆ. 1989ರಲ್ಲಿ ರಾಜಕುಮಾರನು ಹಡಗು ನಡೆಸಿ ಮಾಟಗಾತಿಯನ್ನು ಕೊಂದಿದ್ದನು. ಇಲ್ಲಿ ಆ ಕೆಲಸವನ್ನು ಕನ್ಯೆಯೇ ಮಾಡುತ್ತಾಳೆ. ಇದನ್ನು ಸ್ತ್ರೀಸ್ವಾತಂತ್ರ್ಯವೆಂದು ಹೊಗಳುವವರಿಗೆ ನಮ್ಮದೊಂದು ಬಿನ್ನಹ: ತನ್ನವಳ ಆತ್ಮವು ಪರರ ಪ್ರೀತಿಯ ಭಿಕ್ಷೆಯಾಗಬಾರದೆಂದೇ ಆಂಡರ್ಸನ್ನನು ಕಥೆಯನ್ನು ಹಾಗೆ ಮುಗಿಸಿದನು. ಹಡಗು ನಡೆಸುವ ಧೈರ್ಯ ದೊಡ್ಡದೇ. ಚೂರಿಯನ್ನು ಬಿಸಾಡುವ ಧೈರ್ಯ ಅದಕ್ಕಿಂತ ದೊಡ್ಡದು.

ಇನ್ನು ನಾಯಕಿಯು ಕಪ್ಪುವರ್ಣದವಳೆಂದು 2019ರಲ್ಲಿ ಅವಳ ಆಯ್ಕೆಯಾದಂದಿನಿಂದ ಎದ್ದ ಗದ್ದಲದ ವಿಷಯ. ಮೂಲದಲ್ಲಿ ಅವಳ ಮೈಗೆ ಗುಲಾಬಿಯ ಎಸಳನ್ನು ಹೋಲಿಸಿರುವುದು ನಿಜ. ಆದರೆ ಚರ್ಮದ ಬಣ್ಣದಲ್ಲಿ ಮೂಲನಿಷ್ಠೆಯನ್ನು ಬೇಡಿದ ಈ ಮಹಾಶಯರು, ಕಥೆಯ ಪ್ರಾಣವೇ ಹೋದದ್ದಕ್ಕೆ ಅಂತಹ ಗದ್ದಲವನ್ನೆಬ್ಬಿಸಲಿಲ್ಲ. ಕಡಲಿನೊಳಗಣ ಕನ್ಯೆಗೂ ಬಣ್ಣವನ್ನು ಕಟ್ಟಿಕೊಡಹೊರಟವರ ಮನಸ್ಸು ಎಂತಹದೆಂಬುದನ್ನು ವಾಚಕರೇ ಊಹಿಸಬಲ್ಲರು.

ನಮಗೆ ಕಂಡ ನಿಜವಾದ ದೋಷವು ಬೇರೆ. ಗೆರೆಚಿತ್ರದ ಏಡಿಯು ಹುಬ್ಬೆತ್ತಿ ನಗಬಲ್ಲುದಾಗಿತ್ತು. ಹೊಸ ಚಿತ್ರದ ಏಡಿಯು ಸಂತೆಯ ಏಡಿಯಂತೆಯೇ ಇದ್ದು ಮುಖದಲ್ಲಿ ಯಾವ ಭಾವವನ್ನೂ ತೋರಲಾರದು. ಕಣ್ಣಿಗೆ ಎಲ್ಲವನ್ನೂ ದಿಟವಾಗಿಸಹೋಗಿ ಮನಸ್ಸಿಗೆ ದಿಟವಾದದ್ದನ್ನು ಕಳೆದುಕೊಂಡಂತಾಯಿತು.

ಚಿತ್ರವನ್ನು ನೋಡಬೇಡಿರೆಂದು ನಾವು ಹೇಳುವುದಿಲ್ಲ. ಮಕ್ಕಳನ್ನು ಕರೆದೊಯ್ಯಿರಿ, ಅವು ನಲಿಯಲಿ. ಆದರೆ ಆ ರಾತ್ರಿ ದೀಪವಾರಿಸುವ ಮುನ್ನ ಆಂಡರ್ಸನ್ನನ ಕಥೆಯನ್ನೂ ಕೊನೆಯವರೆಗೆ ಹೇಳಿರಿ. ಮಗುವು ಅತ್ತರೆ ಅಂಜಬೇಕಾದುದಿಲ್ಲ. ಪರರ ದುಃಖಕ್ಕಾಗಿ ಅಳುವುದನ್ನು ಕಲಿಯದ ಮಗುವಿನ ವಿಷಯದಲ್ಲಿಯೇ ನಾವು ಅಂಜಬೇಕು.